ಗೊತ್ತಿದ್ದವರು ಹೊರಟುಹೋದ ಮೇಲೆ ಏನು ಉಳಿಯುತ್ತದೆ? ನಾಲೆಜ್ ಮ್ಯಾನೇಜರ್ ಕೆಲಸದ ಒಳಹೊರಗು

ಅಮೆರಿಕದ ಡಬ್ಲ್ಯೂ76 ಅಣು ಸಿಡಿತಲೆಯಲ್ಲಿ ‘ಫಾಗ್‌ಬ್ಯಾಂಕ್’ ಎಂಬ ಗುಪ್ತನಾಮದ ವಸ್ತುವೊಂದನ್ನು ಬಳಸುತ್ತಾರೆ. ಟೆನೆಸಿ ರಾಜ್ಯದ ಓಕ್ ರಿಡ್ಜ್‌ನ ವೈ-12 ಘಟಕದಲ್ಲಿ 1975ರಿಂದ 1989ರವರೆಗೆ ಅದು ತಯಾರಾಗುತ್ತಿತ್ತು. ಬೇಡಿಕೆ ಮುಗಿಯಿತು, ತಯಾರಿಕೆ ನಿಂತಿತು, ಮಾಡುತ್ತಿದ್ದವರು ಒಬ್ಬೊಬ್ಬರಾಗಿ ನಿವೃತ್ತರಾದರು. 2000ದ ನಂತರ ಹಳೆಯ ಸಿಡಿತಲೆಗಳನ್ನು ನವೀಕರಿಸಲು ಹೊರಟಾಗ ಅದೇ ವಸ್ತು ಮತ್ತೆ ಬೇಕಾಯಿತು. ದಾಖಲೆಗಳು ಅರೆಬರೆ, ಕೇಳೋಣವೆಂದರೆ ಬಲ್ಲವರಿಲ್ಲ. ಹೆಚ್ಚುವರಿಯಾಗಿ 6.9 ಕೋಟಿ ಡಾಲರ್ ಖರ್ಚಾಯಿತು, ಕೆಲಸ ಕನಿಷ್ಠ ಒಂದು ವರ್ಷ ಹಿಂದೆ ಬಿತ್ತು ಎಂದು ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ವರದಿ ಮಾಡಿತು.

ಹಣ, ಸಮಯ ಹೋದದ್ದಕ್ಕಿಂತ ಕಾರಣವೇ ಹೆಚ್ಚು ಪಾಠ ಕಲಿಸುತ್ತದೆ. ಹಳೆಯ ವಿಧಾನವನ್ನೇ ಹುಡುಕಿ ತೆಗೆದು ಅನುಸರಿಸಿದರೂ ವಸ್ತುವಿನ ಹದ ಬರುತ್ತಿರಲಿಲ್ಲ. ಕೊನೆಗೆ ಗೊತ್ತಾದದ್ದು ಇಷ್ಟು: ಹಿಂದಿನ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶ ಇರುತ್ತಿತ್ತು. ಹೊಸ ಶುದ್ಧೀಕರಣ ಕ್ರಮ ಅದನ್ನು ಚೆನ್ನಾಗಿ ತೊಳೆದು ತೆಗೆಯುತ್ತಿತ್ತು. ವಸ್ತು ಸರಿಯಾಗಿ ಬರಲು ಬೇಕಾಗಿದ್ದದ್ದೇ ಆ ಕಲ್ಮಶ. ಮೊದಲು ತಯಾರಿಸುತ್ತಿದ್ದವರಿಗೂ ಅದು ತಿಳಿದಿರಲಿಲ್ಲ.

ಯಾವ ಸಂಸ್ಥೆಯ ತಿಳಿವನ್ನು ತೆಗೆದುಕೊಂಡರೂ ಈ ಮೂರು ಪದರ ಇರುತ್ತವೆ. ಬರೆದಿಟ್ಟದ್ದು ಮೊದಲನೆಯದು. ಗೊತ್ತಿದ್ದೂ ಬರೆಯದೆ ಉಳಿದದ್ದು ಎರಡನೆಯದು. ಕೈ ಮಾಡುತ್ತಿದ್ದರೂ ಮಾಡುವವರಿಗೇ ಅರಿವಿಲ್ಲದ್ದು ಮೂರನೆಯದು. ನಮ್ಮ ಮಾತಿನಲ್ಲಿ ಕಣ್ಣಳತೆ, ಕೈಅಂದಾಜು, ಹದ ಎನ್ನುವುದೆಲ್ಲ ಕೊನೆಯ ಎರಡು ಪದರಕ್ಕೆ ಸೇರಿದ್ದು. ನಾವು ಹೇಳಬಲ್ಲದ್ದಕ್ಕಿಂತ ಹೆಚ್ಚಿನದು ನಮಗೆ ಗೊತ್ತಿರುತ್ತದೆ ಎಂಬುದನ್ನು ತತ್ವಜ್ಞಾನಿ ಮೈಕೆಲ್ ಪೊಲಾನಿ 1960ರ ದಶಕದಲ್ಲೇ ವಿವರಿಸಿದ್ದರು. ಜ್ಞಾನ ನಿರ್ವಹಣೆ ಎಂಬ ಇಡೀ ಕ್ಷೇತ್ರ ಆ ಮಾತಿನ ಮೇಲೆ ನಿಂತಿದೆ. ನಾಲೆಜ್ ಮ್ಯಾನೇಜರ್ ಈ ಮೂರೂ ಪದರಗಳಿಗೆ ಹೊಣೆಗಾರ.

ಗೋದಾಮು ಕಾಯುವ ಕೆಲಸವಲ್ಲ

ದಾಖಲೆಗಳನ್ನು ಒಂದೆಡೆ ಸೇರಿಸಿ ಚೊಕ್ಕಟವಾಗಿ ಇಡುವುದೇ ಈ ಹುದ್ದೆಯ ಕೆಲಸ ಎಂದು ಬಹಳ ಜನ ಭಾವಿಸುತ್ತಾರೆ. ನೇಮಕ ಮಾಡಿಕೊಳ್ಳುವವರೂ ಹಾಗೆಯೇ ತಿಳಿದಿರುವುದುಂಟು. ದಾಖಲೆ ಕಾಪಾಡುವುದು ರೆಕಾರ್ಡ್ಸ್ ವಿಭಾಗದ ಕೆಲಸ: ಯಾವ ಕಾಗದವನ್ನು ಎಷ್ಟು ವರ್ಷ ಇಡಬೇಕು, ಯಾವಾಗ ನಾಶ ಮಾಡಬೇಕು ಎಂಬುದು ಅದರ ಕಾಳಜಿ. ತರಬೇತಿ ವಿಭಾಗ ಜನರಿಗೆ ಮುಂಚಿತವಾಗಿ ಕಲಿಸುತ್ತದೆ. ಐಟಿ ವಿಭಾಗ ಯಂತ್ರ, ತಂತ್ರಾಂಶ ನೋಡಿಕೊಳ್ಳುತ್ತದೆ. ಒಬ್ಬ ನೌಕರ ಕೆಲಸದ ನಡುವೆ ಒಂದು ಪ್ರಶ್ನೆಗೆ ಸಿಕ್ಕಿಕೊಂಡಾಗ, ಅದೇ ಸಂಸ್ಥೆಯಲ್ಲಿ ಬೇರೆಲ್ಲೋ ಇರುವ ಉತ್ತರ ಅವನಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ ಎಂಬುದನ್ನು ಮಾತ್ರ ಇವರಲ್ಲಿ ಯಾರೂ ನೋಡುವುದಿಲ್ಲ. ನಾಲೆಜ್ ಮ್ಯಾನೇಜರ್ ಇರುವುದು ಆ ತೆರಪಿನಲ್ಲಿ. ಉತ್ತರ ತಲುಪುವ ದಾರಿ ಒಂದು ಬರಹ ಇರಬಹುದು, ಒಬ್ಬ ಮನುಷ್ಯನ ಫೋನ್ ನಂಬರ್ ಇರಬಹುದು, ಅರ್ಧ ಗಂಟೆಯ ಸಭೆಯೂ ಇರಬಹುದು.

ಇದನ್ನು ಐಚ್ಛಿಕ ಅಲಂಕಾರ ಎನ್ನುವ ಕಾಲ ಹೋಯಿತು. ಗುಣಮಟ್ಟದ ಮಾನದಂಡ ಐಎಸ್ಒ 9001ರ 2015ರ ಆವೃತ್ತಿಯಲ್ಲಿ 7.1.6ನೇ ಕಲಂ ಸೇರಿತು. ತನ್ನ ಪ್ರಕ್ರಿಯೆಗಳಿಗೆ ಯಾವ ಜ್ಞಾನ ಬೇಕೆಂದು ಸಂಸ್ಥೆ ಗುರುತಿಸಬೇಕು, ಅದನ್ನು ಕಾಪಾಡಿಕೊಳ್ಳಬೇಕು, ಬೇಕಾದವರಿಗೆ ಸಿಗುವಂತೆ ಮಾಡಬೇಕು ಎನ್ನುತ್ತದೆ ಆ ಕಲಂ. ಜ್ಞಾನ ನಿರ್ವಹಣೆಗೆಂದೇ ಐಎಸ್ಒ 30401 ಎಂಬ ಪ್ರತ್ಯೇಕ ಮಾನದಂಡ 2018ರಲ್ಲಿ ಬಂತು. ಆಡಳಿತ ಮಂಡಳಿಯ ಮುಂದೆ ಈ ಕೆಲಸಕ್ಕೆ ಸಮಯ, ಹಣ ಕೇಳುವಾಗ ಇವೆರಡೂ ಕೈಗೆ ಬರುತ್ತವೆ.

ಶುರುವಿನಲ್ಲಿ ಮಾಡಬೇಕಾದದ್ದು: ಯಾರಿಗೆ ಏನು ಗೊತ್ತು?

ಹೊಸ ನಾಲೆಜ್ ಮ್ಯಾನೇಜರ್ ಮಾಡುವ ಅತಿ ದುಬಾರಿ ತಪ್ಪು ಎಂದರೆ ಮೊದಲ ತಿಂಗಳಲ್ಲೇ ತಂತ್ರಾಂಶ ಆರಿಸಲು ಕೂರುವುದು. ಯಾವ ಪ್ರಶ್ನೆಗಳಿಗೆ ಉತ್ತರ ಸಿಗುತ್ತಿಲ್ಲ ಎಂದು ತಿಳಿಯದೆ ಕೊಂಡ ತಂತ್ರಾಂಶ ವರ್ಷದೊಳಗೆ ಇನ್ನೊಂದು ಹಳೆಯ ಫೋಲ್ಡರ್ ಆಗುತ್ತದೆ. ಮೊದಲು ಬೇಕಾದದ್ದು ನಾಲೆಜ್ ಆಡಿಟ್, ಅಂದರೆ ಸಂಸ್ಥೆಯ ತಿಳಿವಿನ ಲೆಕ್ಕ ಹಾಕುವುದು. ಮಧ್ಯಮ ಗಾತ್ರದ ಒಂದು ವಿಭಾಗಕ್ಕೆ ಆರರಿಂದ ಎಂಟು ವಾರ ಸಾಕು. ಬೇರೆ ಬೇರೆ ಹಂತಗಳ 15–25 ಜನರೊಂದಿಗೆ ತಲಾ 45 ನಿಮಿಷ ಮಾತನಾಡಬೇಕು. ‘ನಿಮಗೆ ಯಾವ ಮಾಹಿತಿ ಬೇಕು?’ ಎಂದು ಕೇಳಿದರೆ ಉಪಯೋಗವಿಲ್ಲ, ಎಲ್ಲರೂ ‘ಎಲ್ಲವೂ ಬೇಕು’ ಎನ್ನುತ್ತಾರೆ. ‘ಕಳೆದ ವಾರ ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಯಾರನ್ನು ಕೇಳಿದಿರಿ? ಉತ್ತರ ಬರಲು ಎಷ್ಟು ಹೊತ್ತಾಯಿತು? ಅವರು ರಜೆಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಬೇಕು. ನಿರ್ದಿಷ್ಟ ಘಟನೆಯ ನೆನಪು ಸುಳ್ಳು ಹೇಳುವುದು ಕಡಿಮೆ.

ಹತ್ತು ಜನರನ್ನು ಕೇಳುವಷ್ಟರಲ್ಲಿ ಒಂದೆರಡು ಹೆಸರು ಮತ್ತೆ ಮತ್ತೆ ಬರತೊಡಗುತ್ತವೆ. ಸಂಸ್ಥೆಯ ಹುದ್ದೆಗಳ ಪಟ್ಟಿಯಲ್ಲಿ ಅವರು ಎಲ್ಲೋ ಕೆಳಗಿರಬಹುದು, ಆದರೆ ಕೆಲಸ ನಡೆಯುತ್ತಿರುವುದು ಅವರ ತಲೆಯಿಂದ. ಆ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ಅಪಾಯ ಇರುವುದು ಅಲ್ಲೇ.

ಆ ಅಪಾಯವನ್ನು ಅಳೆಯಲು ಅಮೆರಿಕದ ವಿದ್ಯುತ್ ಸಂಸ್ಥೆ ಟೆನೆಸಿ ವ್ಯಾಲಿ ಅಥಾರಿಟಿ ರೂಪಿಸಿದ ಸರಳ ಗುಣಾಕಾರವೊಂದಿದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಅದನ್ನು ತನ್ನ ಮಾರ್ಗದರ್ಶಿಗಳಲ್ಲಿ ವಿವರಿಸಿದೆ. ವ್ಯಕ್ತಿ ಎಷ್ಟು ಬೇಗ ಹೊರಡಬಹುದು ಎಂಬುದಕ್ಕೆ 1ರಿಂದ 5 ಅಂಕ: ಒಂದು ವರ್ಷದೊಳಗಾದರೆ 5, ಆರು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ 1. ಅವರಲ್ಲಿರುವ ತಿಳಿವು ಎಷ್ಟು ನಿರ್ಣಾಯಕ ಎಂಬುದಕ್ಕೂ 1ರಿಂದ 5: ಬೇರೆ ಯಾರಿಗೂ ಗೊತ್ತಿಲ್ಲದ, ಕಲಿಯಲು ವರ್ಷಗಳೇ ಹಿಡಿಯುವ, ಇಲ್ಲದಿದ್ದರೆ ಕೆಲಸವೇ ನಿಲ್ಲುವಂಥದ್ದಾದರೆ 5. ಎರಡನ್ನೂ ಗುಣಿಸಿ. 20ರಿಂದ 25 ಬಂದರೆ ಕೂಡಲೇ ಕೈಹಾಕಬೇಕು. ವಯಸ್ಸನ್ನು ಮಾತ್ರ ನೋಡಿ ಮೊದಲ ಅಂಕ ಕೊಡುವುದು ತಪ್ಪು. ಮೂವತ್ತರ ಪ್ರಾಯದ ಪ್ರತಿಭಾವಂತ ತಂತ್ರಜ್ಞೆ ನಿವೃತ್ತಿಗೆ ಹತ್ತಿರವಿರುವವರಿಗಿಂತ ಮೊದಲೇ ಬೇರೆ ಕಡೆ ಸೇರಬಹುದು.

ತಲೆಯಲ್ಲಿರುವುದನ್ನು ಹೊರಗೆ ತರುವುದು

‘ಹೋಗುವ ಮೊದಲು ನಿಮಗೆ ಗೊತ್ತಿರುವುದನ್ನೆಲ್ಲ ಬರೆದಿಟ್ಟು ಹೋಗಿ’ ಎಂದು ಕೊನೆಯ ವಾರ ಹೇಳುವ ಪದ್ಧತಿ ಎಲ್ಲೆಡೆ ಇದೆ, ಎಲ್ಲೆಡೆ ಸೋಲುತ್ತದೆ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರಿಗೆ ಅದರಲ್ಲಿ ವಿಶೇಷವೇನಿದೆ ಎಂದು ಕಾಣುವುದೇ ಇಲ್ಲ. ಬರೆದಾಗ ಅವರು ಬರೆಯುವುದು ಕೈಪಿಡಿಯಲ್ಲಿ ಈಗಾಗಲೇ ಇರುವ ಹೆಜ್ಜೆಗಳನ್ನು. ಹೊಸಬರಿಗೆ ಬೇಕಾದದ್ದು ಆ ಹೆಜ್ಜೆಗಳ ನಡುವೆ ಅವರು ಏನನ್ನು ನೋಡುತ್ತಾರೆ, ಯಾವುದರ ವಾಸನೆಗೆ, ಸದ್ದಿಗೆ ನಿಲ್ಲುತ್ತಾರೆ ಎಂಬುದು.

ನಿವೃತ್ತಿಯ ದಿನ ಗೊತ್ತಿದ್ದರೆ ಆರು ತಿಂಗಳ ಮೊದಲೇ ಶುರು ಮಾಡಬೇಕು. ತಲಾ 60–90 ನಿಮಿಷದ ನಾಲ್ಕರಿಂದ ಆರು ಮಾತುಕತೆ, ನಡುವೆ ಒಂದೋ ಎರಡೋ ವಾರದ ಬಿಡುವು. ಆ ಬಿಡುವು ಮುಖ್ಯ. ಮಾತನಾಡಿದ ಮೇಲೆ ಅನೇಕ ಸಂಗತಿಗಳು ಕೆಲಸದ ನಡುವೆ ನೆನಪಾಗುತ್ತವೆ. ಪ್ರಶ್ನೆ ಕೇಳುವವರು ಅವರ ಜಾಗಕ್ಕೆ ಬರುವವರೇ ಆಗಿರಲಿ, ನಾಲೆಜ್ ಮ್ಯಾನೇಜರ್ ಪಕ್ಕದಲ್ಲಿ ಕೂತು ಮಾತು ದಾರಿ ತಪ್ಪದಂತೆ ನೋಡಿಕೊಳ್ಳಲಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಗ್ನಿಶಾಮಕ ದಳದವರ ನಿರ್ಧಾರಗಳನ್ನು ಅಭ್ಯಸಿಸುತ್ತ ರೂಪಿಸಿದ ಸಂದರ್ಶನ ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದು ಕಷ್ಟದ ಘಟನೆಯನ್ನು ಆರಿಸಿ ಅದನ್ನೇ ಹಲವು ಸುತ್ತು ಕೆದಕುವುದು ಆ ಕ್ರಮದ ತಿರುಳು. ಮೊದಲ ಸುತ್ತಿನಲ್ಲಿ ನಡೆದದ್ದನ್ನು ಅಡ್ಡಿಪಡಿಸದೆ ಕೇಳಿ. ಎರಡನೆಯದರಲ್ಲಿ ಯಾವುದು ಯಾವಾಗ ಆಯಿತೆಂದು ಕಾಲಕ್ರಮ ಬರೆಯಿರಿ. ಮೂರನೆಯದರಲ್ಲಿ ಪ್ರತಿ ನಿರ್ಧಾರದ ಬಳಿ ನಿಂತು ಕೇಳಿ: ಆಗ ಮೊದಲು ಕಣ್ಣಿಗೆ ಬಿದ್ದದ್ದು ಏನು? ಬೇರೆ ಯಾವ ದಾರಿ ಇತ್ತು, ಯಾಕೆ ಬಿಟ್ಟಿರಿ? ಕೊನೆಯ ಸುತ್ತಿನಲ್ಲಿ, ಹೊಸಬರೊಬ್ಬರು ಅಲ್ಲಿದ್ದರೆ ಎಲ್ಲಿ ಎಡವುತ್ತಿದ್ದರು ಎಂದು ಕೇಳಿ. ಬಂಗಾರದಂಥ ಉತ್ತರಗಳು ಬರುವುದು ಈ ಕೊನೆಯ ಪ್ರಶ್ನೆಗೆ.

ರೆಕಾರ್ಡಿಂಗ್ ಇಟ್ಟುಕೊಂಡರೆ ಕೆಲಸ ಮುಗಿಯಲಿಲ್ಲ. ಎರಡು ಗಂಟೆಯ ವಿಡಿಯೊವನ್ನು ಯಾರೂ ಮತ್ತೆ ನೋಡುವುದಿಲ್ಲ. ಅದನ್ನು ಎರಡು-ಮೂರು ನಿಮಿಷದ ತುಂಡುಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ಅದು ಉತ್ತರಿಸುವ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಕೊಡಬೇಕು. ಆಮೇಲೆ ಪರೀಕ್ಷೆ: ಉತ್ತರಾಧಿಕಾರಿ ಕೆಲಸ ಮಾಡಲಿ, ಬಲ್ಲವರು ಕೈಕಟ್ಟಿ ನೋಡಲಿ. ಅವರು ತಡೆಯಲಾರದೆ ‘ಅಲ್ಲ ಅಲ್ಲ, ಹಾಗಲ್ಲ’ ಎಂದು ಬಾಯಿ ಹಾಕುವ ಕ್ಷಣದಲ್ಲೇ ಸಂದರ್ಶನದಲ್ಲಿ ಹೊರಬಾರದ ಸಂಗತಿ ಹೊರಬರುತ್ತದೆ. ಫಾಗ್‌ಬ್ಯಾಂಕ್‌ನಂಥ ಮೂರನೆಯ ಪದರವನ್ನು ಮುಟ್ಟಲು ಇದಕ್ಕಿಂತ ಒಳ್ಳೆಯ ಉಪಾಯ ಕಾಣೆವು, ಆದರೂ ಪೂರ್ತಿ ಸಿಗುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ನಿರ್ಣಾಯಕ ಕೆಲಸವನ್ನು ಪೂರ್ತಿ ನಿಲ್ಲಿಸದೆ, ಆಗಾಗ ಸಣ್ಣ ಪ್ರಮಾಣದಲ್ಲಾದರೂ ಮಾಡುತ್ತಿರುವುದೇ ಅದನ್ನು ಉಳಿಸಿಕೊಳ್ಳುವ ದಾರಿ.

ಒಂದು ಬರಹ, ಒಂದು ಪ್ರಶ್ನೆ

ಗ್ರಾಹಕ ಸೇವೆ, ಐಟಿ ಸಹಾಯವಾಣಿಯಂಥ ಕಡೆ ಕನ್ಸಾರ್ಷಿಯಂ ಫಾರ್ ಸರ್ವಿಸ್ ಇನ್ನೊವೇಶನ್ ಎಂಬ ಒಕ್ಕೂಟ 1990ರ ದಶಕದಿಂದ ಬೆಳೆಸಿದ ಕೆಸಿಎಸ್ (ನಾಲೆಜ್ ಸೆಂಟರ್ಡ್ ಸರ್ವಿಸ್) ಪದ್ಧತಿ ಚಾಲ್ತಿಯಲ್ಲಿದೆ. ಅದರ ತಿರುಳು ಸರಳ: ಸಮಸ್ಯೆ ಬಿಡಿಸುವವರೇ, ಬಿಡಿಸುತ್ತಿರುವಾಗಲೇ ಬರೆಯಬೇಕು. ‘ಆಮೇಲೆ ಬಿಡುವಾದಾಗ ಬರೆಯುತ್ತೇನೆ’ ಎಂದ ಬರಹ ಹುಟ್ಟುವುದಿಲ್ಲ, ಹುಟ್ಟಿದರೂ ಗ್ರಾಹಕರು ಬಳಸಿದ ಮಾತುಗಳು ಅದರಲ್ಲಿ ಇರುವುದಿಲ್ಲ. ಮೊದಲು ಹುಡುಕು; ಸಿಕ್ಕರೆ ಅದನ್ನೇ ಬಳಸು, ತಪ್ಪಿದ್ದರೆ ಆಗಲೇ ತಿದ್ದು; ಸಿಗದಿದ್ದರೆ ಹೊಸದು ಬರೆ. ಬಳಸಿದಾಗಲೆಲ್ಲ ಪರಿಶೀಲನೆಯೂ ಆಗುತ್ತದೆ, ಯಾರೂ ಬಳಸದ ಬರಹಕ್ಕೆ ಸಮಯ ಪೋಲಾಗುವುದಿಲ್ಲ.

ಬರಹದ ಅಂಗಗಳು ನಾಲ್ಕೈದು. ಕೇಳುವವರ ಮಾತಿನಲ್ಲೇ ಸಮಸ್ಯೆ, ಯಾವ ಯಂತ್ರ, ಯಾವ ಆವೃತ್ತಿ, ಯಾವ ಸಂದರ್ಭ, ಪರಿಹಾರ, ಗೊತ್ತಿದ್ದರೆ ಕಾರಣ. ಇವುಗಳ ಜೊತೆಗೆ ಒಬ್ಬ ಮನುಷ್ಯನ ಹೆಸರು ಮತ್ತು ಮರುಪರಿಶೀಲನೆಯ ದಿನಾಂಕ. ‘ಆಡಳಿತ ವಿಭಾಗ’ ಎಂದು ಒಡೆಯನ ಜಾಗದಲ್ಲಿ ಬರೆದರೆ ಅದಕ್ಕೆ ಒಡೆಯರೇ ಇಲ್ಲ ಎಂದರ್ಥ. ಒಂದು ಬರಹದಲ್ಲಿ ಎರಡು ಸಮಸ್ಯೆ ಬಂದರೆ ಒಡೆದು ಎರಡು ಮಾಡಿ. ಪದೇ ಪದೇ ಬದಲಾಗುವ ನಿಯಮಗಳ ಬರಹಕ್ಕೆ ಆರು ತಿಂಗಳ ಗಡುವು, ಸ್ಥಿರವಾದ ತಾಂತ್ರಿಕ ಬರಹಕ್ಕೆ ಒಂದು ವರ್ಷ. ಗಡುವು ಮೀರಿದ್ದು ಹುಡುಕಾಟದಿಂದ ತಾನಾಗಿ ಇಳಿಯುವಂತಿರಲಿ. ಹಳೆಯ ನಿಯಮವನ್ನು ನಂಬಿ ಒಮ್ಮೆ ತಪ್ಪು ಮಾಡಿದವರು ಮತ್ತೆ ಆ ವ್ಯವಸ್ಥೆಯ ಕಡೆ ತಲೆಹಾಕುವುದಿಲ್ಲ, ಪಕ್ಕದವರನ್ನೇ ಕೇಳುತ್ತಾರೆ.

ಜನ ಯಾಕೆ ಬರೆಯುತ್ತಾರೆ ಎಂಬುದಕ್ಕೆ ಜೆರಾಕ್ಸ್ ಕಂಪನಿಯ ನಿದರ್ಶನ ಈಗಲೂ ಹಳತಾಗಿಲ್ಲ. ನಕಲು ಯಂತ್ರಗಳನ್ನು ರಿಪೇರಿ ಮಾಡುವವರ ಜೊತೆ ಓಡಾಡಿದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್, ಆ ತಂತ್ರಜ್ಞರು ಕೈಪಿಡಿಗಿಂತ ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳುವ ಕತೆಗಳಿಂದಲೇ ಯಂತ್ರವನ್ನು ಅರಿಯುತ್ತಾರೆ ಎಂದು ತೋರಿಸಿದರು. ಆ ಅರಿವನ್ನು ಬಳಸಿಕೊಂಡು 1990ರ ದಶಕದಲ್ಲಿ ‘ಯುರೇಕಾ’ ಎಂಬ ವ್ಯವಸ್ಥೆ ಬಂತು. ತಂತ್ರಜ್ಞರು ತಮ್ಮ ಉಪಾಯಗಳನ್ನು ಕಳಿಸುತ್ತಿದ್ದರು, ಅನುಭವಿ ಸಹೋದ್ಯೋಗಿಗಳು ಪರೀಕ್ಷಿಸುತ್ತಿದ್ದರು, ಒಪ್ಪಿತವಾದದ್ದು ಕಳಿಸಿದವರ ಹೆಸರಿನೊಂದಿಗೆ ಎಲ್ಲರಿಗೂ ಸಿಗುತ್ತಿತ್ತು. ಅಲ್ಲಿ ಕೆಲಸ ಮಾಡಿದ್ದು ಹಣವಲ್ಲ, ಸಮಾನರ ನಡುವಿನ ಹೆಸರು.

ಹುಡುಕಿದ್ದು ಸಿಗಬೇಕು

ವರ್ಗೀಕರಣದ ಮೇಲೆ ತಿಂಗಳುಗಟ್ಟಲೆ ಚರ್ಚೆ ನಡೆಯುವುದುಂಟು. ಮೇಲ್ಮಟ್ಟದಲ್ಲಿ ಹತ್ತಕ್ಕಿಂತ ಹೆಚ್ಚು ವರ್ಗ, ಆಳದಲ್ಲಿ ಮೂರಕ್ಕಿಂತ ಹೆಚ್ಚು ಮೆಟ್ಟಿಲು ಬೇಡ ಎಂಬುದು ನಮ್ಮ ಅಭಿಪ್ರಾಯ. ವಿಭಾಗಗಳ ಹೆಸರಿನಲ್ಲಿ ವರ್ಗ ಮಾಡಬೇಡಿ. ವಿಭಾಗಗಳು ಮರುಹೊಂದಾಣಿಕೆಯಾದ ದಿನವೇ ಅದು ಕುಸಿಯುತ್ತದೆ. ಜನ ಮಾಡುವ ಕೆಲಸದ ಹೆಸರಿನಲ್ಲಿ ಮಾಡಿ. ಸುಮಾರು 15 ಜನರಿಗೆ ವಿಷಯಗಳನ್ನು ಬರೆದ ಚೀಟಿ ಕೊಟ್ಟು ಗುಂಪು ಮಾಡಿಸಿದರೆ ಅವರ ತಲೆಯಲ್ಲಿರುವ ನಕ್ಷೆ ಸಿಗುತ್ತದೆ.

ಇದಕ್ಕಿಂತಲೂ ಬೆಲೆಬಾಳುವುದು ಹುಡುಕಾಟದ ದಾಖಲೆ. ವಾರಕ್ಕೊಮ್ಮೆ ಒಂದು ಗಂಟೆ ಮೀಸಲಿಟ್ಟು ಎರಡು ಪಟ್ಟಿ ನೋಡಿ: ಹೆಚ್ಚು ಜನ ಹುಡುಕಿದ 50 ಪದಗಳು, ಮತ್ತು ಏನೂ ಸಿಗದೆ ಹೋದ ಹುಡುಕಾಟಗಳು. ಏನೂ ಸಿಗದಿರಲು ಎರಡೇ ಕಾರಣ. ಬರಹವೇ ಇಲ್ಲ, ಅಥವಾ ಇದ್ದರೂ ಬೇರೆ ಪದದಲ್ಲಿದೆ. ನೌಕರರು ‘ಸಂಬಳದ ಚೀಟಿ’ ಎಂದು ಹುಡುಕುವಾಗ ಬರಹದಲ್ಲಿ ‘ವೇತನ ವಿವರಣಾ ಪತ್ರ’ ಎಂದಿದ್ದರೆ ಅದು ಇದ್ದೂ ಇಲ್ಲದಂತೆ. ಸಮಾನಾರ್ಥಕ ಪದಗಳನ್ನು ಸೇರಿಸುವ ಈ ಸಣ್ಣ ಕೆಲಸಕ್ಕೆ ಸಿಗುವ ಫಲ ಹೊಸ ತಂತ್ರಾಂಶಕ್ಕೂ ಸಿಗುವುದು ಅಪರೂಪ.

ಕೆಲಸ ಮುಗಿದ ಮೇಲಿನ ನಾಲ್ಕು ಪ್ರಶ್ನೆ

ಯೋಜನೆಗಳಿಂದ ಪಾಠ ಕಲಿಯಲು ಅಮೆರಿಕದ ಸೈನ್ಯ 1970ರ ದಶಕದಿಂದ ಬೆಳೆಸಿಕೊಂಡ ‘ಆಫ್ಟರ್ ಆಕ್ಷನ್ ರಿವ್ಯೂ’ ಈಗ ಎಲ್ಲ ಕ್ಷೇತ್ರಗಳಲ್ಲೂ ಇದೆ. ಏನಾಗಬೇಕಿತ್ತು? ಏನಾಯಿತು? ವ್ಯತ್ಯಾಸ ಯಾಕೆ ಬಂತು? ಮುಂದಿನ ಸಲ ಏನನ್ನು ಉಳಿಸಿಕೊಳ್ಳೋಣ, ಏನನ್ನು ಬದಲಿಸೋಣ? ಮುಕ್ಕಾಲು ಗಂಟೆ ಸಾಕು, ಆದರೆ ಕೆಲಸ ಮುಗಿದ ಕೆಲವೇ ದಿನಗಳಲ್ಲಿ ಆಗಬೇಕು. ತಿಂಗಳು ಕಳೆದರೆ ಎಲ್ಲರ ನೆನಪೂ ತಮಗೆ ಅನುಕೂಲವಾಗುವಂತೆ ತಿದ್ದಿಕೊಂಡಿರುತ್ತದೆ. ಸಭೆ ನಡೆಸುವವರು ಆ ತಂಡದ ಮೇಲಧಿಕಾರಿ ಆಗಿರಬಾರದು. ತಪ್ಪು ಯಾರದು ಎಂಬ ಮಾತು ಒಮ್ಮೆ ಬಂತೆಂದರೆ ಬಾಯಿಗಳು ಮುಚ್ಚಿಕೊಳ್ಳುತ್ತವೆ.

ಇಲ್ಲಿ ಹೆಚ್ಚಿನವರು ಎಡವುವುದು ಸಭೆಯ ನಂತರ. ಪಾಠಗಳನ್ನು ಒಂದು ದತ್ತಾಂಶ ಸಂಗ್ರಹಕ್ಕೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ನಾಸಾದಲ್ಲಿ ಅಂಥ ಸಂಗ್ರಹ ಇದ್ದರೂ ಯೋಜನಾ ವ್ಯವಸ್ಥಾಪಕರು ಅದನ್ನು ವಾಡಿಕೆಯಾಗಿ ಬಳಸುತ್ತಿಲ್ಲ ಎಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2002ರ ವರದಿ ಹೇಳಿತು. ಬರೆದಿಟ್ಟ ಪಾಠ ಇನ್ನೂ ಕಲಿತ ಪಾಠವಲ್ಲ. ಯಾವುದೋ ಚೆಕ್‌ಲಿಸ್ಟ್, ನಮೂನೆ, ಒಪ್ಪಂದದ ಕಲಂ, ಯಂತ್ರದ ಸೆಟ್ಟಿಂಗ್ ಬದಲಾದಾಗಲೇ ಅದು ಕಲಿತದ್ದಾಗುತ್ತದೆ. ಪ್ರತಿ ಪಾಠದ ಎದುರು ‘ಯಾವುದು ಬದಲಾಯಿತು, ಯಾರು ಬದಲಿಸಿದರು, ಯಾವ ದಿನ’ ಎಂಬ ಮೂರು ಕಾಲಂ ಇಡಿ. ಮೂರು ತಿಂಗಳಾದರೂ ಅವು ಖಾಲಿ ಇದ್ದರೆ ಆ ಪಾಠವನ್ನು ಮೇಲಕ್ಕೆ ಒಯ್ಯಿರಿ, ಇಲ್ಲವೆ ಕೈಬಿಡಿ.

ಎಣಿಸಿದ್ದೇ ಬೆಳೆಯುತ್ತದೆ

ಯಶಸ್ಸನ್ನು ಬರಹಗಳ ಸಂಖ್ಯೆಯಿಂದ ಅಳೆಯುವುದು ದೊಡ್ಡ ಬಲೆ. ಇನ್ಫೋಸಿಸ್ ತನ್ನ ಜ್ಞಾನ ವ್ಯವಸ್ಥೆಯಲ್ಲಿ ಬರೆದವರಿಗೆ, ಪರಿಶೀಲಿಸಿದವರಿಗೆ ‘ನಾಲೆಜ್ ಕರೆನ್ಸಿ ಯೂನಿಟ್’ ಎಂಬ ಅಂಕಗಳನ್ನು ಕೊಡುವ ಪದ್ಧತಿಯನ್ನು 2000ದ ಹೊತ್ತಿಗೆ ತಂದಿತು. ಬರಹಗಳು ಹರಿದುಬಂದವು. ಪರಿಶೀಲಿಸುವವರಿಗೆ ಹೊರೆಯಾಯಿತು, ಗುಣಮಟ್ಟದ ಬಗ್ಗೆ ಸಂಶಯ ಹುಟ್ಟಿತು, ಬೇಕಾದದ್ದನ್ನು ಹುಡುಕುವುದು ಕಷ್ಟವಾಯಿತು. ಸಂಸ್ಥೆ ಅದನ್ನು ಗಮನಿಸಿ ಅಂಕಗಳ ಕ್ರಮವನ್ನು ಬದಲಿಸಿತು, ಬಳಕೆಯಿಂದ ಆದ ಪ್ರಯೋಜನಕ್ಕೆ ಒತ್ತು ಕೊಟ್ಟಿತು. ನಿರ್ವಹಣಾ ವಿದ್ವಾಂಸರು ಇದನ್ನು 2005ರಲ್ಲಿ ವಿವರವಾಗಿ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ತಪ್ಪಾಗಿದೆ ಎಂದು ಕಂಡಾಗ ತಿದ್ದಿಕೊಂಡದ್ದೇ ಅದರಲ್ಲಿ ಕಲಿಯಬೇಕಾದ ಭಾಗ.

ಹಾಗಾದರೆ ಏನನ್ನು ಅಳೆಯಬೇಕು? ಪ್ರಶ್ನೆಗೆ ಉತ್ತರ ಸಿಗಲು ಹಿಡಿದ ಸಮಯ. ಏನೂ ಸಿಗದ ಹುಡುಕಾಟಗಳ ಪಾಲು. ಹೊಸದಾಗಿ ಸೇರಿದವರು ಯಾರ ನೆರವೂ ಇಲ್ಲದೆ ಕೆಲಸ ಮಾಡಲು ಹಿಡಿದ ವಾರಗಳು. ಒಂದೇ ತಪ್ಪು ಎರಡನೆಯ ಬಾರಿ ನಡೆದ ಸಂಖ್ಯೆ. ಕೆಲಸ ಶುರು ಮಾಡುವ ಮೊದಲೇ ಇವುಗಳ ಈಗಿನ ಅಂಕಿ ಬರೆದಿಟ್ಟುಕೊಳ್ಳಿ. ಬಹಳಷ್ಟು ಒಳ್ಳೆಯ ನಾಲೆಜ್ ಮ್ಯಾನೇಜರ್‌ಗಳು ವರ್ಷದ ಕೊನೆಗೆ ತಮ್ಮ ಕೆಲಸದ ಫಲ ತೋರಿಸಲಾಗದೆ ಹೋಗುವುದು ಈ ಮೊದಲ ಅಳತೆಯನ್ನು ಮರೆತದ್ದರಿಂದ.

ಎಐ ಬಂದ ಮೇಲೆ

ಸಂಸ್ಥೆಯ ದಾಖಲೆಗಳಿಂದ ಸಂಬಂಧಪಟ್ಟ ಭಾಗವನ್ನು ಹುಡುಕಿ ತೆಗೆದು, ಅದರ ಆಧಾರದ ಮೇಲೆ ಉತ್ತರ ಬರೆಯುವ ಎಐ ವ್ಯವಸ್ಥೆಗಳು ಈಗ ಸಾಮಾನ್ಯ. ಇದರಿಂದ ಹುದ್ದೆ ಹೋಗುತ್ತದೆ ಎಂಬ ಭಯ ಕೇಳಿಬರುತ್ತದೆ. ನಮಗೆ ಕಾಣುತ್ತಿರುವುದು ಬೇರೆ. ಒಂದೇ ನಿಯಮದ 2019, 2021, 2024ರ ಮೂರು ಪ್ರತಿಗಳು ಫೋಲ್ಡರ್‌ಗಳಲ್ಲಿ ಬಿದ್ದಿದ್ದರೆ ಮನುಷ್ಯ ದಿನಾಂಕ ನೋಡಿ ಅನುಮಾನಿಸುತ್ತಾನೆ. ಯಂತ್ರ ಮೂರನ್ನೂ ಬೆರೆಸಿ ಆತ್ಮವಿಶ್ವಾಸದಿಂದ ತಪ್ಪು ಹೇಳಬಲ್ಲದು. ಹಳತು, ನಕಲು, ಕ್ಷುಲ್ಲಕ ದಾಖಲೆಗಳನ್ನು ಕಿತ್ತುಹಾಕುವ ಕೆಲಸಕ್ಕೆ ಹಿಂದೆಂದೂ ಇಲ್ಲದ ತುರ್ತು ಬಂದಿದೆ.

ಅಂಥ ವ್ಯವಸ್ಥೆಯನ್ನು ಬಿಡುಗಡೆ ಮಾಡುವ ಮೊದಲು ಜನ ನಿಜವಾಗಿ ಕೇಳಿದ 50ರಿಂದ 100 ಪ್ರಶ್ನೆಗಳನ್ನು ಆರಿಸಿ, ಬಲ್ಲವರಿಂದ ಸರಿಯುತ್ತರ ಬರೆಸಿಡಿ. ಅವುಗಳಲ್ಲಿ ಹತ್ತಾದರೂ ದಾಖಲೆಗಳಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳಾಗಿರಲಿ. ‘ಗೊತ್ತಿಲ್ಲ’ ಎನ್ನಲು ಯಂತ್ರಕ್ಕೆ ಬರುತ್ತದೆಯೇ ಎಂದು ತಿಳಿಯುವುದು ಹಾಗೆ. ಪ್ರತಿ ಉತ್ತರದ ಕೆಳಗೆ ಮೂಲ ಬರಹದ ಕೊಂಡಿ ಇರಲೇಬೇಕು. ಪ್ರವೇಶಾಧಿಕಾರವನ್ನು ಮೊದಲೇ ತಪಾಸಿಸಿ. ಯಾರೂ ನೋಡದ ಮೂಲೆಯಲ್ಲಿ ತೆರೆದೇ ಇದ್ದ ಸಂಬಳದ ಪಟ್ಟಿಯನ್ನು ಎಐ ಹುಡುಕಾಟ ಮೊದಲ ದಿನವೇ ಹೊರಗೆಳೆಯಬಹುದು.

ಈ ವೃತ್ತಿಗೆ ಬರುವ ದಾರಿ

‘ಬೌದ್ಧಿಕ ಬಂಡವಾಳದ ನಿರ್ದೇಶಕ’ ಎಂಬ ಹುದ್ದೆಗೆ ಸ್ವೀಡನ್ನಿನ ವಿಮಾ ಸಂಸ್ಥೆ ಸ್ಕಾಂಡಿಯಾ 1991ರಲ್ಲಿ ಲೀಫ್ ಎಡ್ವಿನ್ಸನ್ ಅವರನ್ನು ನೇಮಿಸಿತು. ಹಾಗೆ ನೋಡಿದರೆ ಈ ವೃತ್ತಿಗೆ ಇನ್ನೂ ಚಿಕ್ಕ ವಯಸ್ಸು, ಒಂದೇ ಬಾಗಿಲೂ ಇಲ್ಲ. ಗ್ರಂಥಾಲಯ ವಿಜ್ಞಾನ ಓದಿದವರು ವರ್ಗೀಕರಣ, ಹುಡುಕಾಟದಲ್ಲಿ ಗಟ್ಟಿ. ಮೇಲಧಿಕಾರಿಗಳ ಜೊತೆ ಹಣದ ಭಾಷೆಯಲ್ಲಿ ಮಾತನಾಡುವುದನ್ನು ಕಲಿಯಬೇಕಾಗುತ್ತದೆ. ತಾಂತ್ರಿಕ ಬರಹಗಾರರಿಗೆ ಬರಹ ಗೊತ್ತು. ತಾವೇ ಬರೆಯುವ ಅಭ್ಯಾಸ ಬಿಟ್ಟು ಬೇರೆಯವರಿಂದ ಬರೆಸುವುದು ಅವರಿಗೆ ಕಷ್ಟ. ಗ್ರಾಹಕ ಸೇವೆಯಿಂದ ಬಂದವರಿಗೆ ಪ್ರಶ್ನೆಗಳ ನಾಡಿಮಿಡಿತ ತಿಳಿದಿರುತ್ತದೆ. ವಕೀಲರ ಸಂಸ್ಥೆಗಳಲ್ಲಿ ಈ ಕೆಲಸವನ್ನು ಅನುಭವಿ ವಕೀಲರೇ ಮಾಡುವುದುಂಟು, ಏಕೆಂದರೆ ಒಂದು ಮಾದರಿ ಒಪ್ಪಂದ ಈಗಿನ ಕಾನೂನಿಗೆ ಸರಿಯಿದೆಯೇ ಎಂದು ಬೇರೆಯವರು ಹೇಳಲಾರರು.

ಸಾಮಾನ್ಯವಾಗಿ ನಾಲೆಜ್ ಅನಲಿಸ್ಟ್ ಅಥವಾ ಕೋಆರ್ಡಿನೇಟರ್ ಎಂದು ಶುರು, ಎರಡು-ಮೂರು ವರ್ಷ. ಬರಹ ತಿದ್ದುವುದು, ಹುಡುಕಾಟದ ದಾಖಲೆ ನೋಡುವುದು, ಸಭೆ ನಡೆಸುವುದು ಆಗ ಕೈಗೆ ಹತ್ತಬೇಕು. ಆಮೇಲೆ ಒಂದು ವಿಭಾಗದ ಹೊಣೆ ಹೊತ್ತ ಮ್ಯಾನೇಜರ್, ಮುಂದೆ ಇಡೀ ಸಂಸ್ಥೆಯ ಮುಖ್ಯಸ್ಥ. ಚೀಫ್ ನಾಲೆಜ್ ಆಫೀಸರ್ ಎಂಬ ಹುದ್ದೆ ಇರುವ ಸಂಸ್ಥೆಗಳು ಕಡಿಮೆ. ಹಾಗಾಗಿ ಅನೇಕರು ಕಾರ್ಯಾಚರಣೆ, ಗ್ರಾಹಕ ಅನುಭವ, ಡಿಜಿಟಲ್ ಪರಿವರ್ತನೆಯ ದೊಡ್ಡ ಹುದ್ದೆಗಳಿಗೆ ದಾಟುತ್ತಾರೆ. ಪ್ರಮಾಣಪತ್ರಗಳಲ್ಲಿ ಕೆಸಿಎಸ್‌ನದು ಸಹಾಯವಾಣಿ ಕ್ಷೇತ್ರದಲ್ಲಿ ಉಪಯುಕ್ತ. ಆದರೆ ನೇಮಕಾತಿಯಲ್ಲಿ ಪ್ರಮಾಣಪತ್ರಕ್ಕಿಂತ ತೂಗುವುದು ಒಂದು ಪುಟದ ಉದಾಹರಣೆ: ಸಮಸ್ಯೆ ಏನಿತ್ತು, ಏನು ಬದಲಿಸಿದಿರಿ, ಯಾವ ಅಂಕಿ ಎಷ್ಟರಿಂದ ಎಷ್ಟಕ್ಕೆ ಬಂತು. ಈಗಿನ ಕೆಲಸ ಯಾವುದೇ ಇರಲಿ, ನಿಮ್ಮ ತಂಡದಲ್ಲಿ ಹೆಚ್ಚು ಕೇಳುವ 20 ಪ್ರಶ್ನೆಗಳನ್ನು ಆರಿಸಿ ಮೂರು ತಿಂಗಳು ಈ ಕ್ರಮದಲ್ಲಿ ಕೆಲಸ ಮಾಡಿದರೆ ಆ ಪುಟ ಸಿದ್ಧವಾಗುತ್ತದೆ.

ಕಷ್ಟವನ್ನೂ ಹೇಳಬೇಕು. ಖರ್ಚು ಕಡಿತದ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವ ಹುದ್ದೆಗಳಲ್ಲಿ ಇದೂ ಒಂದು, ಏಕೆಂದರೆ ನಷ್ಟವಾಗದೆ ಉಳಿದದ್ದು ಲೆಕ್ಕದಲ್ಲಿ ಕಾಣುವುದಿಲ್ಲ. ಬೆಂಬಲಿಸುತ್ತಿದ್ದ ಒಬ್ಬ ಹಿರಿಯ ಅಧಿಕಾರಿ ಹೊರಟರೆ ಇಡೀ ಕಾರ್ಯಕ್ರಮ ಕುಸಿಯಬಹುದು. ಕನಿಷ್ಠ ಇಬ್ಬರು ಬೆಂಬಲಿಗರು, ಅವರಲ್ಲೊಬ್ಬರು ಆದಾಯ ತರುವ ವಿಭಾಗದವರು ಇರುವಂತೆ ನೋಡಿಕೊಳ್ಳಿ. ಗೊತ್ತಿದ್ದದ್ದನ್ನು ಬಚ್ಚಿಟ್ಟವರಿಗೇ ಬಡ್ತಿ ಸಿಗುವ ಮೌಲ್ಯಮಾಪನ ಪದ್ಧತಿ ಇರುವಲ್ಲಿ ಯಾವ ವ್ಯವಸ್ಥೆಯೂ ನಿಲ್ಲುವುದಿಲ್ಲ. ಅದನ್ನು ಬದಲಿಸುವ ಅಧಿಕಾರ ಮಾನವ ಸಂಪನ್ಮೂಲ ವಿಭಾಗಕ್ಕಿದೆ, ನಿಮಗಿಲ್ಲ. ಆದ್ದರಿಂದ ಆ ವಿಭಾಗದ ಸ್ನೇಹ ಬೇಕು.

ಕೆಲಸಕ್ಕೆ ಸೇರುವ ಮೊದಲು ಸಂದರ್ಶನದಲ್ಲಿ ನೀವೂ ಕೆಲವನ್ನು ಕೇಳಿ. ಈ ಹುದ್ದೆ ಈಗ ಯಾಕೆ ಹುಟ್ಟಿತು, ಯಾವ ಘಟನೆ ಇದಕ್ಕೆ ಕಾರಣ? ವರದಿ ಮಾಡಬೇಕಾದದ್ದು ಯಾರಿಗೆ? ತಂತ್ರಾಂಶ ಆಗಲೇ ಕೊಂಡಾಗಿದೆಯೇ? ತಜ್ಞರ ವಾರದ ಸಮಯದಲ್ಲಿ ಎಷ್ಟು ಪಾಲು ಈ ಕೆಲಸಕ್ಕೆ ಅಧಿಕೃತವಾಗಿ ಮೀಸಲು? ಹಿಂದೆ ಈ ಹುದ್ದೆಯಲ್ಲಿ ಯಾರಾದರೂ ಇದ್ದರೆ, ಹೋಗುವಾಗ ಅವರು ಏನನ್ನು ಬರೆದಿಟ್ಟು ಹೋದರು ಎಂದೂ ಕೇಳಿ. ಅದು ಸಿಗುವುದಾದರೆ, ಒಪ್ಪಿಗೆ ಕೊಡುವ ಮೊದಲೇ ಓದಿ.